ಮೇಲ್ ವಿಳಾಸ ಒತ್ತಿದರೆ ಥಂಡರ್‌ಬರ್ಡ್ ಏಕೆ ಬರುತ್ತದೆ?

ಸ್ಕಾಲರ್‌ಶಿಪ್ ಸುತ್ತೋಲೆಯ ಪಿಡಿಎಫ್‌ನ ಕೊನೆಯಲ್ಲಿ ನೀಲಿ ಅಕ್ಷರದಲ್ಲಿ ಒಂದು ಇಮೇಲ್ ವಿಳಾಸ ಇರುತ್ತದೆ. ನಮ್ಮ ಲ್ಯಾಬ್‌ನ ಉಬುಂಟು ಕಂಪ್ಯೂಟರಿನಲ್ಲಿ ಅದನ್ನು ಒತ್ತಿದರೆ ನಾವೆಲ್ಲ ಬಳಸುವ ಜಿಮೇಲ್ ಬರುವುದಿಲ್ಲ. ಥಂಡರ್‌ಬರ್ಡ್ ಎಂಬ ಪ್ರೋಗ್ರಾಂ ತೆರೆದುಕೊಂಡು ಹೆಸರು, ಇಮೇಲ್, ಪಾಸ್‌ವರ್ಡ್ ಕೇಳುತ್ತದೆ. ಬಹಳ ಜನ ಅದನ್ನು ಮುಚ್ಚಿ ಎದ್ದು ಹೋಗುತ್ತಾರೆ, ಕೇಳಬೇಕಾದ ಪ್ರಶ್ನೆ ಹಾಗೇ ಉಳಿಯುತ್ತದೆ. ಕೆಲವರು ಪಾಸ್‌ವರ್ಡ್ ಕೊಟ್ಟೇ ಬಿಡುತ್ತಾರೆ. ಇದು ಇನ್ನೂ ಕೆಟ್ಟದ್ದು.

ಆ ನೀಲಿ ವಿಳಾಸದ ಹಿಂದೆ 'ಮೇಲ್‌ಟು' ಎಂಬ ಪದ ಅಡಗಿರುತ್ತದೆ. 1994ರಲ್ಲಿ ವೆಬ್ ವಿಳಾಸಗಳ ನಿಯಮ ಬರೆದಾಗಲೇ ಅದು ಅದರಲ್ಲಿ ಸೇರಿತ್ತು. ಆ ಕಾಲದಲ್ಲಿ ಮೇಲ್ ಎಂದರೆ ಕಂಪ್ಯೂಟರಿನಲ್ಲಿ ಹಾಕಿಕೊಂಡ ಒಂದು ಪ್ರೋಗ್ರಾಂ. ಜಿಮೇಲ್ ಬಂದದ್ದು 2004ರಲ್ಲಿ. ಇಂದು ನಮಗೆ ಮೇಲ್ ಎಂದರೆ ಬ್ರೌಸರಿನಲ್ಲಿ ತೆರೆಯುವ ಒಂದು ಪುಟ, ಆದರೆ ಡೆಸ್ಕ್‌ಟಾಪ್ ಇನ್ನೂ ಪ್ರೋಗ್ರಾಂ ಅನ್ನೇ ಹುಡುಕುತ್ತದೆ.

ಉಬುಂಟು 22.04ರ ಸೆಟ್ಟಿಂಗ್ಸ್‌ನಲ್ಲಿ 'ಡಿಫಾಲ್ಟ್ ಅಪ್ಲಿಕೇಶನ್ಸ್' ತೆರೆದರೆ 'ಮೇಲ್' ಎಂಬ ಸಾಲು ಕಾಣುತ್ತದೆ. (24.04ರಲ್ಲಿ ಇದು 'ಆಪ್ಸ್' ಒಳಗೆ ಸೇರಿಕೊಂಡಿದೆ, ಹುಡುಕಲು ಸ್ವಲ್ಪ ತಾಳ್ಮೆ ಬೇಕು.) ಆ ಸಾಲಿನಲ್ಲಿ ಎಷ್ಟು ಹುಡುಕಿದರೂ ಜಿಮೇಲ್ ಸಿಗುವುದಿಲ್ಲ. 'ಮೇಲ್‌ಟು ಕೆಲಸ ನಾನು ಮಾಡುತ್ತೇನೆ' ಎಂದು ಮೊದಲೇ ಹೆಸರು ಬರೆಸಿದ ಪ್ರೋಗ್ರಾಂಗಳು ಮಾತ್ರ ಅಲ್ಲಿರುತ್ತವೆ. ಬ್ಯಾಂಕಿಗೆ ಮಾದರಿ ಸಹಿ ಕೊಡದವರ ಚೆಕ್ ಪಾಸಾಗುವುದಿಲ್ಲವಲ್ಲ, ಹಾಗೆ. ಜಿಮೇಲ್ ಒಂದು ವೆಬ್‌ಸೈಟ್, ಅದರ ಸಹಿ ಡೆಸ್ಕ್‌ಟಾಪ್‌ನ ಹತ್ತಿರ ಇಲ್ಲ.

ಗೊಂದಲ ಇಷ್ಟಕ್ಕೇ ಮುಗಿಯುವುದಿಲ್ಲ. ಬ್ರೌಸರ್ ತನ್ನದೇ ಇನ್ನೊಂದು ಲೆಜರ್ ಇಟ್ಟುಕೊಂಡಿದೆ. ವೆಬ್ ಪುಟದಲ್ಲಿ ವಿಳಾಸ ಒತ್ತಿದರೆ ಮೊದಲು ಆ ಲೆಜರ್ ನೋಡಲಾಗುತ್ತದೆ. ಅದೇ ವಿಳಾಸವನ್ನು ಪಿಡಿಎಫ್ ಓದುವ ಪ್ರೋಗ್ರಾಂನಲ್ಲಿ ಒತ್ತಿದರೆ ಡೆಸ್ಕ್‌ಟಾಪ್‌ನ ಲೆಜರ್. ಎರಡರ ಲೆಕ್ಕ ತಾಳೆಯಾಗಲೇಬೇಕೆಂಬ ನಿಯಮ ಇಲ್ಲ. ಅದಕ್ಕೇ ಒಂದು ಕಡೆ ಬದಲಾಯಿಸಿದವರು 'ಸರಿಮಾಡಿದೆ, ಮತ್ತೆ ಕೆಟ್ಟಿತು' ಎನ್ನುವುದು.

ಫೈರ್‌ಫಾಕ್ಸ್‌ನ ಸೆಟ್ಟಿಂಗ್ಸ್‌ನಲ್ಲಿ 'ಜನರಲ್' ಭಾಗದ ಕೆಳಗೆ 'ಅಪ್ಲಿಕೇಶನ್ಸ್' ಪಟ್ಟಿ ಇದೆ. ಅದರಲ್ಲಿ 'ಮೇಲ್‌ಟು' ಸಾಲಿಗೆ ಜಿಮೇಲ್ ಆರಿಸಬಹುದು. ಆಮೇಲೆ ಪಿಡಿಎಫ್ ಅನ್ನೂ ಫೈರ್‌ಫಾಕ್ಸ್‌ನಲ್ಲೇ ತೆರೆದರೆ ಒಂದೇ ಲೆಜರ್ ಸಾಕು. ಇದೆಲ್ಲ ಬೇಡವೆಂದರೆ ವಿಳಾಸವನ್ನು ಕಾಪಿ ಮಾಡಿ ಜಿಮೇಲ್‌ನಲ್ಲಿ ಪೇಸ್ಟ್ ಮಾಡಿ. ಅವಸರದಲ್ಲಿ ಇದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ಈಗ ಪಾಸ್‌ವರ್ಡ್ ಕೊಟ್ಟವರ ವಿಷಯ. ಈ ಆಯ್ಕೆಗಳೆಲ್ಲ ಲಾಗಿನ್‌ಗೆ ಸೇರಿದ ಹೋಮ್ ಫೋಲ್ಡರಿನಲ್ಲಿ ಉಳಿಯುತ್ತವೆ. ಮನೆಯ ಲ್ಯಾಪ್‌ಟಾಪ್‌ನಲ್ಲಿ ಅದರಿಂದ ತೊಂದರೆ ಇಲ್ಲ. ಲ್ಯಾಬ್‌ನಲ್ಲಿ ಎಲ್ಲರಿಗೂ ಒಂದೇ ಲಾಗಿನ್. ನೀವು ಥಂಡರ್‌ಬರ್ಡ್‌ನಲ್ಲಿ ಖಾತೆ ಸೇರಿಸಿ ಎದ್ದು ಹೋದರೆ, ಮುಂದಿನ ಪೀರಿಯಡ್‌ನಲ್ಲಿ ಅದೇ ಕುರ್ಚಿಗೆ ಬಂದವರು ನಿಮ್ಮ ಮೇಲ್ ಓದಬಹುದು. ಬ್ರೌಸರಿನಲ್ಲಿ ಲಾಗ್‌ಔಟ್ ಆಗಿದ್ದರೂ ಅದು ಹೋಗುವುದಿಲ್ಲ. ನನ್ನ ಮೇಲ್‌ನಲ್ಲಿ ಆಧಾರ್ ಪ್ರತಿ ಇದೆ, ಅಮ್ಮಿಯ ಪಾಸ್‌ಬುಕ್ಕಿನ ಫೋಟೋ ಇದೆ. ನಿಮ್ಮದರಲ್ಲೂ ಇರಬಹುದು.

ಸೇರಿಸಿದವರು ಥಂಡರ್‌ಬರ್ಡ್‌ನ 'ಅಕೌಂಟ್ ಸೆಟ್ಟಿಂಗ್ಸ್'ಗೆ ಹೋಗಿ ಖಾತೆ ತೆಗೆಯಿರಿ. ತೆಗೆಯುವಾಗ ಸಂದೇಶಗಳನ್ನೂ ಅಳಿಸುವ ಆಯ್ಕೆ ಬರುತ್ತದೆ. ಅದಕ್ಕೆ ಟಿಕ್ ಹಾಕುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಮೇಲ್‌ಗಳು ಡಿಸ್ಕ್‌ನಲ್ಲಿ ಉಳಿದುಬಿಡುತ್ತವೆ.

ಅಧ್ಯಾಪಕರಲ್ಲಿ ಒಂದು ವಿನಂತಿ. ಸುತ್ತೋಲೆಯಲ್ಲಿ 'ಇಲ್ಲಿ ಒತ್ತಿ' ಎಂದಷ್ಟೇ ಹಾಕದೆ ಪೂರ್ತಿ ಇಮೇಲ್ ವಿಳಾಸವನ್ನು ಬರೆಯಿಸಿದರೆ, ಅದನ್ನು ನೋಡಿಕೊಂಡು ಮನೆಯಲ್ಲಿ ಫೋನಿನಿಂದಲೂ ಮೇಲ್ ಕಳಿಸಬಹುದು.