ಎಳೆಯ ಹಲ್ಲಿನ ತಿರುಳನ್ನು ಉಳಿಸುವ ಚಿಕಿತ್ಸೆ

ಎಂಟು ವರ್ಷದ ಬಾಲಕನೊಬ್ಬನು ಆಟದಲ್ಲಿ ಬಿದ್ದು ಬಾಚಿಹಲ್ಲನ್ನು ಮುರಿದುಕೊಂಡನೆಂದು ಭಾವಿಸೋಣ. ಮುರಿದ ಭಾಗದ ನಡುವೆ ಕೆಂಪು ಚುಕ್ಕೆಯೊಂದು ಕಾಣುತ್ತದೆ. ಅದೇ ಹಲ್ಲಿನ ತಿರುಳು; ರಕ್ತನಾಳಗಳೂ ನರಗಳೂ ಸೇರಿದ ಮೃದುವಾದ ಅಂಗಾಂಶ. ಇಂಥ ಪೆಟ್ಟು ವಯಸ್ಕನಿಗೆ ಬಿದ್ದಿದ್ದರೆ, ತಿರುಳನ್ನೆಲ್ಲ ತೆಗೆದು ಬೇರಿನ ನಾಳವನ್ನು ತುಂಬಿದರೂ ಹಲ್ಲು ಬಹುಕಾಲ ಬಾಳಬಲ್ಲದು. ಬಾಲಕನ ಹಲ್ಲಿಗೆ ಈ ಮಾತು ಸಲ್ಲದು.

ಹಲ್ಲು ವಸಡಿನಿಂದ ಹೊರಬಂದೊಡನೆ ಅದರ ಬೆಳವಣಿಗೆ ಮುಗಿಯಿತೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ವಾಸ್ತವವಾಗಿ, ಏಳೆಂಟು ವರ್ಷಕ್ಕೆ ಮೂಡುವ ಮೇಲಿನ ನಡುಬಾಚಿಹಲ್ಲಿನ ಬೇರು ಪೂರ್ಣವಾಗುವುದು ಸುಮಾರು ೧೦ನೆಯ ವಯಸ್ಸಿಗೆ. ಅಲ್ಲಿಯವರೆಗೆ ಬೇರಿನ ತುದಿ ತೆರೆದಿರುತ್ತದೆ, ಗೋಡೆಗಳು ತೆಳುವಾಗಿರುತ್ತವೆ. ಆ ಗೋಡೆಯನ್ನು ಒಳಗಿನಿಂದ ಪದರಪದರವಾಗಿ ಕಟ್ಟುವವು ತಿರುಳಿನ ಅಂಚಿನಲ್ಲಿರುವ ಓಡಾಂಟೊಬ್ಲಾಸ್ಟ್ ಎಂಬ ಜೀವಕೋಶಗಳು. ತಿರುಳು ಸತ್ತರೆ ಈ ಕೆಲಸ ನಿಂತುಹೋಗುತ್ತದೆ. ಮೊಟಕಾದ ಬೇರಿನ ಮೇಲೆ ನಿಂತ ಹಲ್ಲು ಮುಂದೆಂದೋ ಸಣ್ಣ ಪೆಟ್ಟಿಗೇ ವಸಡಿನ ಬಳಿ ಮುರಿಯಬಹುದು. ಆರನೆಯ ವಯಸ್ಸಿನಲ್ಲಿ ಮೂಡುವ ಮೊದಲ ಶಾಶ್ವತ ದವಡೆಹಲ್ಲಿನ ಪಾಡು ಇನ್ನೂ ಕಷ್ಟ. ಯಾವ ಹಲ್ಲೂ ಬೀಳದೆ ಹಾಲುಹಲ್ಲುಗಳ ಹಿಂದೆ ಅದು ಬರುವುದರಿಂದ, ತಂದೆತಾಯಿಗಳು ಅದನ್ನೂ ಹಾಲುಹಲ್ಲೆಂದೇ ಎಣಿಸಿ, ಹುಳುಕು ಹಿಡಿದಾಗ ‘ಬಿದ್ದು ಹೊಸದು ಬರುತ್ತದೆ’ ಎಂದು ಸುಮ್ಮನಿರುತ್ತಾರೆ.

ಹೊರಗೆ ಕಂಡ ತಿರುಳು ಸತ್ತಂತೆಯೇ ಎಂಬ ನಂಬಿಕೆ ಬಹುಕಾಲವಿತ್ತು. ೧೯೬೫ರಲ್ಲಿ ಅಮೆರಿಕದ ಕಾಕೆಹಾಶಿ, ಸ್ಟ್ಯಾನ್ಲಿ, ಫಿಟ್ಜೆರಾಲ್ಡ್ ಎಂಬ ಸಂಶೋಧಕರು ಇಲಿಗಳ ದವಡೆಹಲ್ಲನ್ನು ತಿರುಳಿನವರೆಗೆ ಕೊರೆದು ಹಾಗೆಯೇ ತೆರೆದುಬಿಟ್ಟ ಪ್ರಯೋಗವನ್ನು ಪ್ರಕಟಿಸಿದರು. ಸಾಮಾನ್ಯ ಇಲಿಗಳಲ್ಲಿ ತಿರುಳು ಕೊಳೆತು ಕೀವಾಯಿತು. ಸೂಕ್ಷ್ಮಜೀವಿಗಳಿಲ್ಲದ ಪರಿಸರದಲ್ಲಿ ಸಾಕಿದ ಇಲಿಗಳಲ್ಲಾದರೋ, ಆಹಾರದ ಚೂರುಗಳು ಒಳಸೇರಿದ್ದರೂ ತಿರುಳು ಜೀವಂತವಾಗಿ ಉಳಿದು ಗಾಯದ ಮೇಲೆ ಡೆಂಟಿನ್ನಿನ ಸೇತುವೆಯನ್ನೇ ಕಟ್ಟಿತು. ತಿರುಳನ್ನು ಕೊಲ್ಲುವುದು ಸೋಂಕೆಂಬುದು ಇದರಿಂದ ಸ್ಪಷ್ಟವಾಯಿತು.

ಆದುದರಿಂದ ಸೋಂಕು ತಗುಲಿದ ಭಾಗವನ್ನಷ್ಟೇ ತೆಗೆದು, ರಕ್ತವನ್ನು ನಿಲ್ಲಿಸಿ, ಉಳಿದುದನ್ನು ಬಿಗಿಯಾಗಿ ಮುಚ್ಚುವುದೇ ಚಿಕಿತ್ಸೆಯ ತತ್ತ್ವ. ಮುಚ್ಚುವ ಮದ್ದಾಗಿ ೧೯೨೦ರಲ್ಲಿ ಜರ್ಮನಿಯ ಹರ್ಮನ್ ಅವರು ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು ಬಳಕೆಗೆ ತಂದರು. ರಾಸಾಯನಿಕವಾಗಿ ಇದು ನಮ್ಮ ಎಲೆಯಡಿಕೆಯ ಸುಣ್ಣವೇ. (ಸುಣ್ಣದ ಡಬ್ಬಿಯಿಂದ ಮನೆಯಲ್ಲಿ ಈ ಚಿಕಿತ್ಸೆ ಮಾಡಲಾಗದೆಂದು ಹೇಳಬೇಕಾಗಿಲ್ಲವಷ್ಟೆ.) ಅದರ ತೀವ್ರ ಕ್ಷಾರಗುಣವು ತಿರುಳಿನ ಮೇಲ್ಪದರವನ್ನು ಸುಟ್ಟು, ಕೆಳಗೆ ಹೊಸ ಡೆಂಟಿನ್ ಮೂಡುವಂತೆ ಮಾಡುತ್ತದೆ. ೧೯೯೦ರ ದಶಕದಿಂದೀಚೆಗೆ, ಪೋರ್ಟ್‌ಲೆಂಡ್ ಸಿಮೆಂಟಿಗೆ ಹತ್ತಿರದ ಎಂ.ಟಿ.ಎ. ಎಂಬ ಪದಾರ್ಥವು ಅದರ ಸ್ಥಾನವನ್ನು ಬಹುಮಟ್ಟಿಗೆ ಪಡೆದಿದೆ. ಬಿಗಿಯಾಗಿ ಮುಚ್ಚುವುದರಲ್ಲಿ ಇದು ಮೇಲು, ಹಲ್ಲಿಗೆ ಕಪ್ಪುಛಾಯೆ ತರುವುದೊಂದು ದೋಷ.

ಎಷ್ಟು ತೆಗೆಯಬೇಕು? ಹಲ್ಲಿನ ಕಾಣುವ ಭಾಗದ ತಿರುಳನ್ನೆಲ್ಲ ಕತ್ತರಿಸುವುದು ಹಿಂದಿನ ವಾಡಿಕೆ. ಸ್ವೀಡನ್ನಿನ ಮಿಯೋಮಿರ್ ಸ್ವೆಕ್ ಅವರು ೧೯೭೮ರಲ್ಲಿ ಪ್ರಕಟಿಸಿದ ವರದಿಯಂತೆ, ಪೆಟ್ಟಿನಿಂದ ಮುರಿದ ೬೦ ಹಲ್ಲುಗಳಲ್ಲಿ ಸುಮಾರು ೨ ಮಿಲಿಮೀಟರಿನಷ್ಟನ್ನು ಮಾತ್ರ ತೆಗೆದಾಗ ಶೇಕಡಾ ೯೬ ಗುಣವಾದುವು. ಅಪಘಾತದಿಂದ ಚಿಕಿತ್ಸೆಯವರೆಗೆ ಕಳೆದ ಅವಧಿಯು ಫಲಕ್ಕೆ ಅಡ್ಡಿಯಾಗಲಿಲ್ಲವೆಂಬುದು ನಮಗೆ ಇನ್ನೂ ಮುಖ್ಯವೆನಿಸುತ್ತದೆ; ಆಸ್ಪತ್ರೆ ದೂರವಿರುವ ಊರಿನ ಮಗುವಿಗೂ ಇಲ್ಲಿ ಆಸೆಗೆ ಎಡೆಯುಂಟು.

ಎಳೆಯ ಹಲ್ಲಿನಲ್ಲಿ ನರಗಳೂ ಪೂರ್ಣ ಬೆಳೆದಿರದ ಕಾರಣ, ತಣ್ಣನೆಯ ಸ್ಪರ್ಶದ ಅಥವಾ ವಿದ್ಯುತ್ತಿನ ಪರೀಕ್ಷೆಗಳನ್ನು ನೆಚ್ಚುವಂತಿಲ್ಲ. ವೈದ್ಯರು ಕೆಲವು ತಿಂಗಳಿಗೊಮ್ಮೆ ಎಕ್ಸ್-ರೇ ಚಿತ್ರ ತೆಗೆದು, ಮುರಿದ ಹಲ್ಲಿನ ಬೇರನ್ನು ಪಕ್ಕದ ಜೋಡಿಹಲ್ಲಿನ ಬೇರಿನೊಡನೆ ಹೋಲಿಸಿ ನೋಡುತ್ತಾರೆ. ಎರಡೂ ಸಮನಾಗಿ ಉದ್ದವಾಗುತ್ತ ಬಂದರೆ ತಿರುಳು ಬದುಕಿದೆಯೆಂದು ಅರ್ಥ.