15 ಡಿಗ್ರಿ ಬಂದ ದಾರಿ

1995ರ ಡಿಸೆಂಬರ್ 26, ಮೆಲ್ಬರ್ನ್. ಬೌಲಿಂಗ್ ಮಾಡುತ್ತಿದ್ದವರು ಶ್ರೀಲಂಕಾದ ಮುತ್ತಯ್ಯ ಮುರಳೀಧರನ್. ಅಂಪೈರ್ ಡ್ಯಾರೆಲ್ ಹೇರ್ ಮೂರು ಓವರ್‌ಗಳಲ್ಲಿ ಏಳು ಬಾರಿ ನೋಬಾಲ್ ಕೂಗಿದರು. ಮುರಳಿ ಚೆಂಡನ್ನು ಬೌಲ್ ಮಾಡುತ್ತಿಲ್ಲ, ಎಸೆಯುತ್ತಿದ್ದಾರೆ ಎಂಬುದು ಅವರ ತೀರ್ಪು.

ಬೌಲರ್‌ನ ಕೈ ಬಗ್ಗಿರುವುದು ತಪ್ಪಲ್ಲ. ತೋಳು ಭುಜದ ಮಟ್ಟಕ್ಕೆ ಬಂದಲ್ಲಿಂದ ಚೆಂಡು ಕೈಬಿಡುವತನಕ ಬಗ್ಗಿದ ಮೊಣಕೈ ನೇರವಾಗಬಾರದು ಎನ್ನುತ್ತದೆ ನಿಯಮ. ಮುರಳಿಯ ಮೊಣಕೈಯಾದರೋ ಹುಟ್ಟಿನಿಂದಲೇ ಪೂರ್ತಿ ಚಾಚಲು ಬಾರದ್ದು.

ಹಾಗಾದರೆ ಕಣ್ಣಿಗೆ ಕಂಡದ್ದೇನು? ಮೊಣಕೈ ಮಡಚಿ ಬಿಚ್ಚುವುದು ಬಾಗಿಲಿನ ಹಾಗೆ, ಒಂದೇ ಅಕ್ಷದ ಸುತ್ತ. ಭುಜ ಮಾತ್ರ ಇಡೀ ತೋಳನ್ನು ಅದರ ಉದ್ದದ ಅಕ್ಷದ ಸುತ್ತ ತಿರುಗಿಸಬಲ್ಲದು. ಮುಂದೋಳೂ ಹೊರಳಿ ಅಂಗೈಯ ದಿಕ್ಕು ಬದಲಿಸುತ್ತದೆ. ಬೌಲಿಂಗ್‌ನಲ್ಲಿ ಮೂರೂ ಒಟ್ಟಿಗೇ ನಡೆಯುತ್ತವೆ. ಕನ್ನಡಿಯ ಮುಂದೆ ಮೊಣಕೈಯನ್ನು ತುಸು ಬಗ್ಗಿಸಿ, ಆ ಕೋನ ಕದಲದಂತೆ ಹಿಡಿದು, ಭುಜದಿಂದ ತೋಳು ತಿರುಗಿಸಿ ನೋಡಿ. ಮುಂದೋಳು ಕನ್ನಡಿಯತ್ತ ಬಾಗಿದಾಗ ಕೈ ನೇರವಾಗಿಯೂ ಪಕ್ಕಕ್ಕೆ ಬಂದಾಗ ಬಗ್ಗಿಯೂ ಕಾಣುತ್ತದೆ. ಒಂದೇ ಕಡೆಯಿಂದ ನೋಡುವ ಕ್ಯಾಮೆರಾಕ್ಕೂ ಇದೇ ಭ್ರಮೆ.

ಈ ಗಂಟನ್ನು ಬಿಡಿಸಿದ್ದು ಪರ್ತ್‌ನ ವೆಸ್ಟರ್ನ್ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದಂಥ ಕಡೆಯ ಪ್ರಯೋಗಾಲಯಗಳು. ಬೌಲರ್‌ನ ತೋಳಿಗೆ ಬೆಳಕು ಪ್ರತಿಫಲಿಸುವ ಗುರುತುಗಳನ್ನು ಅಂಟಿಸಿ, ಸುತ್ತಲೂ ಅತಿವೇಗದ ಕ್ಯಾಮೆರಾಗಳನ್ನಿಟ್ಟು, ಪ್ರತಿ ಅಕ್ಷದ ಚಲನೆಯನ್ನೂ ಬೇರೆಬೇರೆಯಾಗಿ ಅಳೆದರು. 2004ರಲ್ಲಿ ಮುರಳಿಯ ದೂಸ್ರಾದಲ್ಲಿ, ಅಂದರೆ ಎಂದಿನದಕ್ಕೆ ವಿರುದ್ಧ ದಿಕ್ಕಿಗೆ ತಿರುಗುವ ಎಸೆತದಲ್ಲಿ, ಮೊಣಕೈ ಸುಮಾರು 14 ಡಿಗ್ರಿ ನೇರವಾಗುವುದು ತಿಳಿಯಿತು. ನೇರವಾಗಬಾರದೆಂಬ ನಿಯಮದಲ್ಲಿ ಆಗ ಸ್ಪಿನ್ನರ್‌ಗಳಿಗಿದ್ದ ರಿಯಾಯಿತಿಯ ಮಿತಿ 5 ಡಿಗ್ರಿ, ವೇಗಿಗಳಿಗೆ 10.

ಅದೇ ವರ್ಷ ಇಂಗ್ಲೆಂಡಿನಲ್ಲಿ ನಡೆದ ಚಾಂಪಿಯನ್ಸ್ ಟ್ರೋಫಿಯ ಬೌಲರ್‌ಗಳನ್ನೂ ಚಿತ್ರೀಕರಿಸಿ ಪರಿಶೀಲಿಸಲಾಯಿತು. ಶುದ್ಧ ಶೈಲಿಯವರೆಂದು ಹೆಸರಾದವರ ಮೊಣಕೈಯೂ ನೇರವಾಗುತ್ತಿತ್ತು! 15 ಡಿಗ್ರಿಯೊಳಗಿನ ಬದಲಾವಣೆ ಬರಿಗಣ್ಣಿಗೆ ಗೊತ್ತಾಗುವುದು ಕಷ್ಟ ಎಂದು ತಜ್ಞರು ಹೇಳಿದರು. ಮೈಕೆಲ್ ಹೋಲ್ಡಿಂಗ್ ಅವರಂಥ ಮಾಜಿ ಆಟಗಾರರಿದ್ದ ಸಮಿತಿ ಆ ಮಿತಿಯನ್ನೇ ಶಿಫಾರಸು ಮಾಡಿತು. 2005ರ ಮಾರ್ಚ್‌ನಿಂದ ಸ್ಪಿನ್ನರ್, ವೇಗಿ ಎನ್ನದೆ ಎಲ್ಲರಿಗೂ 15 ಡಿಗ್ರಿ.

ಮುರಳಿಗಾಗಿ ನಿಯಮ ಸಡಿಲಿಸಿದರು ಎಂಬ ಮಾತು ಈಗಲೂ ಕೇಳಿಬರುತ್ತದೆ. ಅದು ಅನ್ಯಾಯದ ಮಾತು. ಹಳೆಯ ಮಿತಿಯಲ್ಲೇ ಎಲ್ಲರನ್ನೂ ಅಳೆದಿದ್ದರೆ ಹೆಸರಾಂತ ವೇಗಿಗಳೂ ಸಿಕ್ಕಿಬೀಳುತ್ತಿದ್ದರು. 2014ರಲ್ಲಿ ಪಾಕಿಸ್ತಾನದ ಸ್ಪಿನ್ನರ್ ಸಯೀದ್ ಅಜ್ಮಲ್ ಅವರನ್ನು ಬೌಲಿಂಗ್‌ನಿಂದ ತಡೆದದ್ದೂ ಇದೇ 15 ಡಿಗ್ರಿ. ಸಂಶಯ ಬಂದರೆ ದೂರು ಕೊಡುವ ಅಧಿಕಾರ ಅಂಪೈರ್‌ಗೆ ಇಂದಿಗೂ ಇದೆ. ಆದರೆ ಆಟಗಾರನೊಬ್ಬನ ಬದುಕನ್ನೇ ಬದಲಿಸುವ ತೀರ್ಪಿಗೆ ಅಳತೆಯ ಆಧಾರವೂ ಬೇಕೆಂದು ಕ್ರಿಕೆಟ್ ಒಪ್ಪಿಕೊಂಡಿದೆ. ಒಪ್ಪಿಕೊಳ್ಳಲು ಹಿಡಿದದ್ದು ಒಂಬತ್ತು ವರ್ಷಕ್ಕೂ ಹೆಚ್ಚು. ಅಷ್ಟೂ ವರ್ಷ ಮುರಳಿ ಅವಮಾನ ನುಂಗಿಕೊಂಡೇ ಆಡಿದರು.