ಉಪ್ಪುನೀರಿನ ನಾಡು: ಕಡಲು ಮತ್ತು ದ್ವೀಪಗಳ ಸಂರಕ್ಷಿತ ಪ್ರದೇಶಗಳಲ್ಲಿ ಮೂಲನಿವಾಸಿ ಪರಂಪರೆಯ ನಿರ್ವಹಣೆ

ಕಡಲು ಮತ್ತು ದ್ವೀಪಗಳ ಸಂರಕ್ಷಣೆಯನ್ನು ಕುರಿತ ಚರ್ಚೆ ಬಹುಮಟ್ಟಿಗೆ ಜೀವವಿಜ್ಞಾನದ ಚೌಕಟ್ಟಿನಲ್ಲಿಯೇ ನಡೆದುಬಂದಿದೆ. ಹವಳದ ದಿಬ್ಬ, ಕಡಲಾಮೆ, ಮೀನಿನ ಸಂತತಿ, ಹಕ್ಕಿಗಳು ಗೂಡು ಕಟ್ಟುವ ನೆಲೆ ಮೊದಲಾದವು ಸಂರಕ್ಷಣೆಯ ವಸ್ತುಗಳೆಂದು ಪರಿಗಣಿತವಾಗಿವೆ. ಸಂಸ್ಕೃತಿಗೆ ಅಲ್ಲಿ ಸ್ಥಾನ ದೊರೆತಾಗಲೂ ಅದು ಮುಳುಗಿದ ಹಡಗು, ಹಳೆಯ ದೀಪಸ್ತಂಭ ಮುಂತಾದ ಭೌತಿಕ ಅವಶೇಷಗಳಿಗೆ ಸೀಮಿತವಾಗುವುದೇ ಹೆಚ್ಚು. ಆ ನೀರಿಗೆ ಹೆಸರಿಟ್ಟು, ಹಾಡಿನಲ್ಲಿ ಅದರ ಎಲ್ಲೆಗಳನ್ನು ನೆನಪಿಟ್ಟು, ಆಚರಣೆಯ ಮೂಲಕ ಅದನ್ನು ತಮ್ಮೊಳಗೆ ಹಂಚಿಕೊಂಡ ಸಮುದಾಯಗಳ ಪರಂಪರೆಯನ್ನು ಯಾರು, ಹೇಗೆ ನಿರ್ವಹಿಸಬೇಕು ಎಂಬ ಪ್ರಶ್ನೆ ತಡವಾಗಿ ಮುನ್ನೆಲೆಗೆ ಬಂದಿತು. ಈ ಪ್ರಶ್ನೆಯನ್ನು ಕಲೆ, ನ್ಯಾಯಾಲಯ ಮತ್ತು ಆಡಳಿತ ಎಂಬ ಮೂರು ನೆಲೆಗಳಲ್ಲಿಯೂ ಎದುರಿಸಿದ ಉತ್ತರ ಆಸ್ಟ್ರೇಲಿಯದ ಅನುಭವವನ್ನು ಪ್ರಸ್ತುತ ಲೇಖನ ವಿವೇಚಿಸುತ್ತದೆ.

ಕಡಲೂ ನಾಡು ಎಂಬ ಪರಿಕಲ್ಪನೆ

ಆಸ್ಟ್ರೇಲಿಯದ ಕರಾವಳಿಯ ಅನೇಕ ಮೂಲನಿವಾಸಿ ಸಮುದಾಯಗಳು ತಮ್ಮನ್ನು 'ಉಪ್ಪುನೀರಿನ ಜನ' ಎಂದು ಕರೆದುಕೊಳ್ಳುತ್ತವೆ. ಇವರ ದೃಷ್ಟಿಯಲ್ಲಿ ನಾಡು ದಡದಲ್ಲಿ ಮುಗಿಯುವುದಿಲ್ಲ. ಉತ್ತರ ಪ್ರಾಂತದ ಈಶಾನ್ಯ ಅಂಚಿನಲ್ಲಿರುವ ಆರ್ನ್‌ಹೆಮ್ ಲ್ಯಾಂಡಿನ ಯೋಲ್ಙು ಜನರಲ್ಲಿ ಇಡೀ ಸೃಷ್ಟಿ ದುವಾ ಮತ್ತು ಯಿರಿತ್ಜಾ ಎಂಬ ಎರಡು ಪಂಗಡಗಳಲ್ಲಿ ಹಂಚಿಹೋಗಿದೆ. ಮನುಷ್ಯರಂತೆ ಮೀನು, ಗಾಳಿ, ಬಂಡೆ ಮತ್ತು ನೀರು ಕೂಡ ಈ ಎರಡರಲ್ಲೊಂದಕ್ಕೆ ಸೇರುತ್ತವೆ. ಪ್ರತಿ ಪಂಗಡದೊಳಗೆ ಹಲವು ಕುಲಗಳಿದ್ದು, ಒಂದೊಂದು ಕುಲಕ್ಕೂ ತನ್ನದೇ ಆದ ನೆಲ, ತನ್ನದೇ ಆದ ನೀರು, ಅವುಗಳನ್ನು ರೂಪಿಸಿದ ಮೂಲಪುರುಷರ ಕಥನ ಹಾಗೂ ಹಾಡುಗಳಿವೆ. ಕರ್ನಾಟಕದ ಸಮುದಾಯಗಳಲ್ಲಿ ಬಳಿ, ಬೆಡಗುಗಳು ಒಂದು ಮರವನ್ನೋ ಪ್ರಾಣಿಯನ್ನೋ ಕುಲಚಿಹ್ನೆಯಾಗಿ ಹೊಂದಿರುವುದನ್ನು ಬಲ್ಲವರಿಗೆ ಈ ವ್ಯವಸ್ಥೆ ತೀರ ಅಪರಿಚಿತವೆನಿಸದು. ಆದರೆ ಯೋಲ್ಙು ಸಂಪ್ರದಾಯದಲ್ಲಿ ಕುಲದ ಸಂಬಂಧ ಪ್ರಾಣಿಗೆ ಮಾತ್ರವಲ್ಲ, ಕಡಲಿನ ನಿರ್ದಿಷ್ಟ ಭಾಗಕ್ಕೂ ಇದೆ ಎಂಬುದು ಗಮನಾರ್ಹ.

ಕಡಲಿನೊಂದಿಗಿನ ಈ ಸಂಬಂಧ ಬಹು ಪ್ರಾಚೀನವಾದುದು. ಹಿಮಯುಗದ ಕೊನೆಯಲ್ಲಿ ಕಡಲ ಮಟ್ಟ ಏರಿದಾಗ ಇಂದಿನ ತೀರದಾಚೆಯ ವಿಶಾಲ ನೆಲ ಮುಳುಗಿತು. ಪ್ಯಾಟ್ರಿಕ್ ನನ್ ಮತ್ತು ನಿಕೊಲಸ್ ರೀಡ್ ಎಂಬ ವಿದ್ವಾಂಸರು ಆಸ್ಟ್ರೇಲಿಯ ತೀರದ 21 ಸ್ಥಳಗಳಿಗೆ ಸಂಬಂಧಿಸಿದ ಕಥನಗಳನ್ನು ಪರಿಶೀಲಿಸಿ, ಅವು ಏಳು ಸಾವಿರ ವರ್ಷಗಳಿಗೂ ಹಿಂದಿನ ಈ ಮುಳುಗಡೆಯ ನೆನಪನ್ನು ಉಳಿಸಿಕೊಂಡಿವೆ ಎಂದು ವಾದಿಸಿದ್ದಾರೆ. 2020ರಲ್ಲಿ ಪಶ್ಚಿಮ ಆಸ್ಟ್ರೇಲಿಯದ ಮುರುಜುಗ ತೀರದಾಚೆ ನೀರಿನಡಿಯಲ್ಲಿ ನೂರಾರು ಕಲ್ಲಿನ ಉಪಕರಣಗಳು ಪತ್ತೆಯಾದ ವಿವರ ಪ್ರಕಟವಾಯಿತು. ಆದ್ದರಿಂದ ಕಡಲತಳವನ್ನು ಸಂಸ್ಕೃತಿಯ ಗುರುತಿಲ್ಲದ ಬರಿಯ ನೈಸರ್ಗಿಕ ಪ್ರದೇಶವೆಂದು ಭಾವಿಸುವಂತಿಲ್ಲ.

ತೊಗಟೆಯ ಮೇಲಿನ ಹಕ್ಕುಪತ್ರ

ಯೋಲ್ಙು ಜನರು ತಮ್ಮ ಕಲೆಯನ್ನು ಒಡೆತನದ ದಾಖಲೆಯಾಗಿ ಹೊರಜಗತ್ತಿನ ಮುಂದೆ ಇಟ್ಟ ಇತಿಹಾಸ 1963ರಷ್ಟು ಹಿಂದಿನದು. ಯಿರ್ಕಾಲಾ ಪ್ರದೇಶದ ನೆಲವನ್ನು ಬಾಕ್ಸೈಟ್ ಗಣಿಗಾರಿಕೆಗೆ ಬಿಟ್ಟುಕೊಟ್ಟಾಗ ಅವರು ಸಂಸತ್ತಿಗೆ ಮನವಿ ಸಲ್ಲಿಸಿದರು. ಮನವಿಯ ಬರಹದ ಸುತ್ತ ತೊಗಟೆಯ ಮೇಲೆ ಕುಲಗಳ ಚಿತ್ರವಿನ್ಯಾಸಗಳಿದ್ದವು. ಗಣಿಗಾರಿಕೆ ನಿಲ್ಲಲಿಲ್ಲ. 1971ರಲ್ಲಿ ನ್ಯಾಯಾಲಯವೂ ಅವರ ವಾದವನ್ನು ತಳ್ಳಿಹಾಕಿತು. ಆದರೂ ಈ ಹೋರಾಟ ಉತ್ತರ ಪ್ರಾಂತದ 1976ರ ಮೂಲನಿವಾಸಿ ಭೂಹಕ್ಕು ಕಾಯ್ದೆಗೆ ದಾರಿ ಮಾಡಿತು.

ಕಡಲಿನ ವಿಷಯದಲ್ಲಿ ಇಂಥದೇ ಸಂದರ್ಭ ಒದಗಿದ್ದು 1996ರಲ್ಲಿ. ಬ್ಲೂ ಮಡ್ ಕೊಲ್ಲಿಯ ಗರಂಗಲಿ ಎಂಬ ಪವಿತ್ರ ಸ್ಥಳದಲ್ಲಿ ಅಕ್ರಮ ಮೀನುಗಾರರು ಬೀಡುಬಿಟ್ಟಿದ್ದುದು ಪತ್ತೆಯಾಯಿತು. ಅಲ್ಲಿ ಕಡಿದ ಮೊಸಳೆಯ ತಲೆಯೊಂದು ಬಿದ್ದಿತ್ತು. ಆ ಸ್ಥಳ ಮೂಲಪುರುಷನಾದ ಬಾರು ಎಂಬ ಮೊಸಳೆಯ ನೆಲೆಯೆಂದು ನಂಬಲಾಗಿದೆ. ವನ್ಯಜೀವಿ ಕಾನೂನಿನ ದೃಷ್ಟಿಯಲ್ಲಿ ಇದು ಒಂದು ಪ್ರಾಣಿಯ ಹತ್ಯೆ ಮಾತ್ರ. ಕುಲದ ದೃಷ್ಟಿಯಲ್ಲಿ ಹಿರಿಯನ ಮನೆಯಲ್ಲಿಯೇ ಹಿರಿಯನಿಗಾದ ಅವಮಾನ.

ಇದಕ್ಕೆ ಉತ್ತರವಾಗಿ ವಿವಿಧ ಕುಲಗಳ 47 ಕಲಾವಿದರು 80 ತೊಗಟೆಚಿತ್ರಗಳನ್ನು ರಚಿಸಿದರು. 'ಉಪ್ಪುನೀರು' ಎಂಬ ಹೆಸರಿನಲ್ಲಿ ಪ್ರದರ್ಶಿತವಾದ ಈ ಸಂಗ್ರಹ ಅನಂತರ ಸಿಡ್ನಿಯ ರಾಷ್ಟ್ರೀಯ ಕಡಲಯಾನ ವಸ್ತುಸಂಗ್ರಹಾಲಯಕ್ಕೆ ಸೇರಿತು. ಈ ಚಿತ್ರಗಳಲ್ಲಿನ ಅಡ್ಡಗೆರೆಗಳ ಜಾಲವನ್ನು ಅಲಂಕಾರವೆಂದು ತಿಳಿಯುವುದು ತಪ್ಪಾಗುತ್ತದೆ. ಒಂದೊಂದು ಕುಲದ ನೀರಿಗೂ ಅದರದೇ ಆದ ವಿನ್ಯಾಸವಿದೆ. ಅದನ್ನು ಬರೆಯುವ ಅಧಿಕಾರ ಹುಟ್ಟಿನಿಂದಲೂ ಹಿರಿಯರ ಅನುಮತಿಯಿಂದಲೂ ಬರತಕ್ಕದ್ದು. ಯಾರ ನೀರು ಎಲ್ಲಿ ಯಾರ ನೀರನ್ನು ಕೂಡುತ್ತದೆ ಎಂಬುದನ್ನು ಬಲ್ಲವರು ಈ ಗೆರೆಗಳಲ್ಲಿ ಓದಬಲ್ಲರು. ಈ ಅರ್ಥದಲ್ಲಿ ಇವು ಕಲಾಕೃತಿಗಳೂ ಹೌದು, ಹಕ್ಕುಪತ್ರಗಳೂ ಹೌದು.

ಕಾನೂನು ಎಳೆದ ಗೆರೆ

ಮೂಲನಿವಾಸಿಗಳ ಕಡಲಹಕ್ಕನ್ನು ಆಸ್ಟ್ರೇಲಿಯದ ನ್ಯಾಯವ್ಯವಸ್ಥೆ ಹಂತಹಂತವಾಗಿ ಒಪ್ಪಿಕೊಂಡಿತು. ಟಾರಸ್ ಜಲಸಂಧಿಯ ಮೆರ್ ದ್ವೀಪದ ನೆಲಕ್ಕೆ ಸಂಬಂಧಿಸಿದ 1992ರ ಮಾಬೊ ತೀರ್ಪು ಮೂಲನಿವಾಸಿ ಒಡೆತನವನ್ನು ಮೊದಲಬಾರಿಗೆ ಮಾನ್ಯಮಾಡಿತು. 2001ರ ಕ್ರೋಕರ್ ದ್ವೀಪದ ತೀರ್ಪು ಈ ಹಕ್ಕು ಕಡಲಿನ ಮೇಲೂ ಉಂಟೆಂದು ಒಪ್ಪಿತಾದರೂ, ಸಾರ್ವಜನಿಕರ ಮೀನುಗಾರಿಕೆ ಮತ್ತು ನೌಕಾಸಂಚಾರದ ಹಕ್ಕುಗಳ ಕಾರಣದಿಂದ ಇತರರನ್ನು ಹೊರಗಿಡುವ ಅಧಿಕಾರವನ್ನು ನಿರಾಕರಿಸಿತು. 2008ರ ಜುಲೈ 30ರಂದು ಬಂದ ಬ್ಲೂ ಮಡ್ ಕೊಲ್ಲಿಯ ತೀರ್ಪು ಇನ್ನೊಂದು ಹೆಜ್ಜೆ ಮುಂದಿಟ್ಟಿತು. 1976ರ ಕಾಯ್ದೆಯಡಿ ನೀಡಿದ ನೆಲದ ಎಲ್ಲೆ ಇಳಿತದ ಗೆರೆಯವರೆಗೆ ಇರುವುದರಿಂದ, ಉಬ್ಬರದ ಗೆರೆಗೂ ಇಳಿತದ ಗೆರೆಗೂ ನಡುವಿನ ನೀರನ್ನು ಪ್ರವೇಶಿಸಲು ಮೀನುಗಾರಿಕೆಯ ಪರವಾನಗಿಯೊಂದೇ ಸಾಲದು, ಒಡೆಯರ ಅನುಮತಿಯೂ ಬೇಕೆಂದು ಅದು ಘೋಷಿಸಿತು. ಉತ್ತರ ಪ್ರಾಂತದ ಸುಮಾರು ಶೇ. 80ರಷ್ಟು ತೀರಕ್ಕೆ ಇದು ಅನ್ವಯವಾಯಿತು.

ಈ ಗೆಲುವಿನ ಸ್ವರೂಪವನ್ನು ಸೂಕ್ಷ್ಮವಾಗಿ ಗಮನಿಸಬೇಕು. ಅಂತಿಮ ತೀರ್ಪು ನಿಂತಿದ್ದು ಹಾಡಿನ ಮೇಲಲ್ಲ, ಕಾಯ್ದೆಯ ಎಲ್ಲೆಯ ಮೇಲೆ. ಇಳಿತದ ಗೆರೆಯ ಈಚೆ ಒಡೆತನ ಪೂರ್ಣ. ಆಚೆ ಅದು ಅಪೂರ್ಣ. ಯೋಲ್ಙು ಹಾಡುಗಳಿಗಾದರೋ ಇಂಥ ಗೆರೆಯೇ ಇಲ್ಲ. ಅವು ನದಿಯಿಂದ ಹೊರಟು ಕೊಲ್ಲಿಯನ್ನು ದಾಟಿ ಆಳವಾದ ನೀರಿನವರೆಗೆ ಸಾಗುತ್ತವೆ. ಒಂದೇ ಹಾಡಿನ ಅರ್ಧ ಹಕ್ಕಿನ ನೆಲದಲ್ಲಿಯೂ ಉಳಿದರ್ಧ ಪರವಾನಗಿಯ ನೀರಿನಲ್ಲಿಯೂ ಉಳಿದರೆ, ಆ ಪರಂಪರೆಯನ್ನು ರಕ್ಷಿಸಲಾಗಿದೆ ಎಂದು ಹೇಳುವುದು ಕಷ್ಟ. ಕಾನೂನು ಬಿಟ್ಟ ಈ ಕೊರತೆಯನ್ನು ಸಂರಕ್ಷಿತ ಪ್ರದೇಶದ ನಿರ್ವಹಣೆ ತುಂಬಬಲ್ಲದೆ ಎಂಬುದೇ ಮುಂದಿನ ಪ್ರಶ್ನೆ.

ನಿರ್ವಹಣೆಯ ಎರಡು ಮಾದರಿಗಳು

ಮೊದಲನೆಯದು ಸಮುದಾಯವೇ ಮುಂದಾಗಿ ತನ್ನ ನಾಡನ್ನು ಸಂರಕ್ಷಣೆಗೆ ಮುಡಿಪಿಡುವ ಮಾದರಿ. 'ಮೂಲನಿವಾಸಿ ಸಂರಕ್ಷಿತ ಪ್ರದೇಶ'ವೆಂಬ ಈ ವ್ಯವಸ್ಥೆಯಲ್ಲಿ ಮೊದಲ ಘೋಷಣೆ 1998ರಲ್ಲಿ ದಕ್ಷಿಣ ಆಸ್ಟ್ರೇಲಿಯದ ನಂತವರಿನದಲ್ಲಿ ನಡೆಯಿತು. ಯೋಲ್ಙು ಕುಲಗಳು 1992ರಲ್ಲಿ ಸ್ಥಾಪಿಸಿದ ಧಿಮುರು ಸಂಸ್ಥೆ ತನ್ನ ಪ್ರದೇಶವನ್ನು 2000ದಲ್ಲಿ ಹೀಗೆ ಘೋಷಿಸಿತು. 2006ರಲ್ಲಿ ಅದು ಕಡಲನಾಡಿನ ಯೋಜನೆಯೊಂದನ್ನು ಪ್ರಕಟಿಸಿತು. 2013ರಲ್ಲಿ ಹೆಚ್ಚಿನ ಕಡಲಭಾಗವನ್ನು ಸಂರಕ್ಷಿತ ಪ್ರದೇಶಕ್ಕೆ ಸೇರಿಸಿಕೊಂಡಿತು. ಇಲ್ಲಿನ ಕಾವಲುಗಾರರು ವಾರಸುದಾರರಿಲ್ಲದ ಮೀನುಬಲೆಗಳಲ್ಲಿ ಸಿಕ್ಕಿಬಿದ್ದ ಕಡಲಾಮೆಗಳನ್ನು ಬಿಡಿಸುತ್ತಾರೆ. ಪವಿತ್ರ ಸ್ಥಳಗಳನ್ನೂ ಕಾಯುತ್ತಾರೆ. ಅವರಿಗೆ ಇವು ಎರಡು ಬೇರೆ ಕೆಲಸಗಳಲ್ಲ.

ಈ ಪ್ರದೇಶದ ವುರ್ವುರ್ವುಯ್ ಎಂಬಲ್ಲಿ ಕಲ್ಲುಗಳನ್ನು ನೆಲದ ಮೇಲೆ ಜೋಡಿಸಿ ಬಿಡಿಸಿದ ಚಿತ್ರಗಳಿವೆ. ಕಡಲಸೌತೆಯನ್ನು ಅರಸಿ ಸುಲವೇಸಿಯಿಂದ ಬರುತ್ತಿದ್ದ ಮಕಾಸರ್ ನಾವಿಕರ ಹಾಯಿಹಡಗುಗಳನ್ನೂ ಅವರ ಒಲೆಗಳನ್ನೂ ಅವು ತೋರಿಸುತ್ತವೆ. ಈ ವ್ಯಾಪಾರ 1907ರ ವೇಳೆಗೆ ನಿಂತಿತಾದರೂ ಅದರ ಗುರುತು ಭಾಷೆಯಲ್ಲಿ ಉಳಿದಿದೆ. ಯೋಲ್ಙು ನುಡಿಗಳಲ್ಲಿ ಹಣಕ್ಕೆ 'ರುಪಿಯ' ಎನ್ನುತ್ತಾರೆ; ಭಾರತದ ರೂಪಾಯಿ ಮಲಯ ಕಡಲಮಾರ್ಗವಾಗಿ ಅಲ್ಲಿಗೆ ತಲುಪಿತ್ತು. 2013ರಲ್ಲಿ ಈ ಸ್ಥಳ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿತು.

ಎರಡನೆಯದು ಸರ್ಕಾರಿ ಉದ್ಯಾನದೊಳಗಿನ ಒಪ್ಪಂದದ ಮಾದರಿ. 1975ರ ಕಾಯ್ದೆಯಡಿ ರೂಪುಗೊಂಡ ಗ್ರೇಟ್ ಬ್ಯಾರಿಯರ್ ರೀಫ್ ಕಡಲ ಉದ್ಯಾನದ ವಿಸ್ತಾರ 3,44,400 ಚದರ ಕಿಲೋಮೀಟರ್. ಇದರಲ್ಲಿ 70ಕ್ಕೂ ಹೆಚ್ಚು ಮೂಲ ಒಡೆಯ ಸಮುದಾಯಗಳಿಗೆ ಸಂಬಂಧವಿದೆ. ಕಡಲಾಮೆ ಮತ್ತು ಕಡಲಹಸುಗಳ ಸಾಂಪ್ರದಾಯಿಕ ಬೇಟೆ ಇಲ್ಲಿ ಬಹುಕಾಲದ ವಿವಾದ. ಮೂಲನಿವಾಸಿ ಹಕ್ಕುದಾರರು ಮನೆಬಳಕೆಗೆ ಹಾಗೂ ಆಚರಣೆಗೆ ಬೇಟೆಯಾಡುವುದನ್ನು 1993ರ ಕಾಯ್ದೆ ಮಾನ್ಯಮಾಡಿದೆ. ಜೀವಿಗಳ ಉಳಿವಿನ ಚಿಂತೆಯೂ ನಿಜವಾದುದೇ. 2005ರಲ್ಲಿ ಗಿರಿಂಗುನ್ ಸಮುದಾಯಗಳಿಂದ ಆರಂಭವಾದ ಒಪ್ಪಂದಗಳು ಬೇಟೆಯ ಮಿತಿಯನ್ನು ಸಮುದಾಯವೇ ಮೊದಲು ನಿರ್ಧರಿಸಿ, ಉದ್ಯಾನದ ಪ್ರಾಧಿಕಾರ ಅದಕ್ಕೆ ಮಾನ್ಯತೆ ನೀಡುವ ದಾರಿಯನ್ನು ತೆರೆದವು. ಯಾರು, ಯಾವಾಗ, ಯಾವುದಕ್ಕಾಗಿ ಬೇಟೆಯಾಡಬಹುದು ಎಂಬ ಹಿರಿಯರ ಕಟ್ಟಳೆಗೆ ಇಲ್ಲಿ ಆಡಳಿತದ ಬಲ ದೊರೆಯಿತು.

ಸಿಹಿನೀರು ಮತ್ತು ಉಪ್ಪುನೀರು ಕೂಡುವಲ್ಲಿ ನೊರೆ ಏಳುವುದನ್ನು ಯೋಲ್ಙು ಜನರು 'ಗನ್ಮ' ಎನ್ನುತ್ತಾರೆ. ಎರಡು ಜ್ಞಾನಗಳು ಸಮಾನವಾಗಿ ಕೂಡಿ ಹೊಸದನ್ನು ಹುಟ್ಟಿಸುವುದಕ್ಕೆ ಇದು ಅವರ ರೂಪಕ. ಮೇಲಿನ ಎರಡೂ ಮಾದರಿಗಳ ಯಶಸ್ಸನ್ನು ಈ ಮಾತಿನಿಂದಲೇ ಅಳೆಯಬೇಕಾಗುತ್ತದೆ. ಒಂದು ನೀರು ಇನ್ನೊಂದನ್ನು ಪೂರ್ತಿ ನುಂಗಿದಲ್ಲಿ ನೊರೆ ಏಳುವುದಿಲ್ಲ.

ದ್ವೀಪಗಳ ಮುಂದಿರುವ ಸಂಕಟ

ಈ ಮಾದರಿಗಳಿಗೆ ಎಟುಕದ ಸವಾಲು ಏರುತ್ತಿರುವ ಕಡಲು. ಟಾರಸ್ ಜಲಸಂಧಿಯ ತಗ್ಗಾದ ದ್ವೀಪಗಳಲ್ಲಿ ಅಲೆಗಳು ಸಮಾಧಿಗಳನ್ನು ಕೊರೆಯುತ್ತಿವೆ. ಪೂರ್ವಿಕರ ಸಮಾಧಿ ಇಲ್ಲದೆ ಅಲ್ಲಿ ಆಚರಣೆಯಿಲ್ಲ. ಆಚರಣೆಗೆ ಬೇರೆ ಜಾಗವೂ ಇಲ್ಲ. ಈ ದ್ವೀಪವಾಸಿಗಳಲ್ಲಿ ಕೆಲವರು ಸಲ್ಲಿಸಿದ ದೂರಿನ ಮೇಲೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ, ಸಕಾಲಿಕ ರಕ್ಷಣೆ ಒದಗಿಸದೆ ಆಸ್ಟ್ರೇಲಿಯ ಅವರ ಸಂಸ್ಕೃತಿಯ ಹಕ್ಕನ್ನು ಉಲ್ಲಂಘಿಸಿದೆ ಎಂದು 2022ರ ಸೆಪ್ಟೆಂಬರಿನಲ್ಲಿ ತೀರ್ಮಾನಿಸಿತು. ಆದರೆ 2025ರ ಜುಲೈ ತಿಂಗಳಲ್ಲಿ ದೇಶದ ಫೆಡರಲ್ ನ್ಯಾಯಾಲಯ ಇಂಥದೇ ಇನ್ನೊಂದು ಮೊಕದ್ದಮೆಯನ್ನು ವಜಾಗೊಳಿಸಿತು. 'ಐಲನ್ ಕಸ್ಟಮ್' ಎಂದು ಅವರು ಕರೆಯುವ ದ್ವೀಪದ ಸಂಪ್ರದಾಯ ನಷ್ಟವಾದರೆ ಈಗಿರುವ ಕಾನೂನಿನಲ್ಲಿ ಅದಕ್ಕೆ ಪರಿಹಾರವಿಲ್ಲವೆಂದು ಅದು ಕಂಡುಕೊಂಡಿತು. ನೆಲದ ಬೆಲೆಯನ್ನು ಕಟ್ಟಬಲ್ಲ ಕಾನೂನು ಪರಂಪರೆಯ ಅಳಿವನ್ನು ನಷ್ಟವೆಂದು ಎಣಿಸದಿರುವುದು ಗಂಭೀರವಾದ ಸಂಗತಿ.

ದಾಖಲಾತಿಯ ಹೊಣೆ

ನಷ್ಟದ ಭಯವಿರುವಲ್ಲಿ ಜಾನಪದ ವಿದ್ವಾಂಸರಿಗೆ ತೋಚುವ ಮೊದಲ ಉಪಾಯ ದಾಖಲಾತಿ. ಹಾಡುಗಳನ್ನು ಧ್ವನಿಮುದ್ರಿಸುವುದು, ಸ್ಥಳಗಳನ್ನು ನಕ್ಷೆಯಲ್ಲಿ ಗುರುತಿಸುವುದು ಅಗತ್ಯವೂ ಹೌದು. ಆದರೆ ಯೋಲ್ಙು ಪರಂಪರೆಯಲ್ಲಿ ಜ್ಞಾನ ಎಲ್ಲರಿಗೂ ತೆರೆದುದಲ್ಲ. ಕೆಲವು ಅರ್ಥಗಳು ದೀಕ್ಷೆ ಪಡೆದವರಿಗೆ ಮಾತ್ರ ಮೀಸಲು; ತೀರಿಹೋದವರ ಹೆಸರನ್ನು ಶೋಕದ ಅವಧಿಯಲ್ಲಿ ಉಚ್ಚರಿಸುವುದೂ ನಿಷಿದ್ಧ. ಪವಿತ್ರ ಸ್ಥಳದ ನಿಖರ ನಕ್ಷೆ ಪ್ರಕಟವಾದರೆ ಅದು ಆ ಸ್ಥಳಕ್ಕೆ ರಕ್ಷಣೆಯಾಗುವ ಬದಲು ಅಪರಿಚಿತರಿಗೆ ದಾರಿಯಾಗಬಹುದು. ಆದ್ದರಿಂದ ಯಾವುದನ್ನು ದಾಖಲಿಸಬೇಕು, ಯಾವುದನ್ನು ಬಿಡಬೇಕು, ಯಾರು ನೋಡಬಹುದು ಎಂಬ ನಿರ್ಧಾರ ಪರಂಪರೆಯ ವಾರಸುದಾರರದೇ ಆಗಿರಬೇಕು. ದಾಖಲಾತಿಯ ಪೂರ್ಣತೆಗಿಂತ ಈ ಅಧಿಕಾರ ಹಿರಿದು.

ಕಡಲ ಸಂರಕ್ಷಿತ ಪ್ರದೇಶಗಳಲ್ಲಿ ಮೂಲನಿವಾಸಿ ಪರಂಪರೆಯನ್ನು ನಿರ್ವಹಣಾ ಯೋಜನೆಯ ಕೊನೆಯ ಅಧ್ಯಾಯವಾಗಿ ಸೇರಿಸುವ ಕ್ರಮ ಸಾಲದೆಂಬುದನ್ನು ಈ ನಿದರ್ಶನಗಳು ಸ್ಪಷ್ಟಪಡಿಸುತ್ತವೆ. ಹಾಡು, ಚಿತ್ರ ಮತ್ತು ಕಟ್ಟಳೆಗಳು ಈ ಜನರ ಪಾಲಿಗೆ ಕಡಲಿನ ನಕ್ಷೆ, ಕಡಲಿನ ಕಾನೂನು. ಯೋಜನೆಯ ಎಲ್ಲೆಗಳನ್ನು ಗುರುತಿಸುವಾಗಲೇ ಅವುಗಳನ್ನು ಬಲ್ಲವರನ್ನು ಕೇಳಬೇಕು. ಮೊಸಳೆಯನ್ನು ಉಳಿಸಿ ಬಾರುವಿನ ನೆಲೆಯನ್ನು ಕಳೆದುಕೊಂಡರೆ ಉಳಿಯುವುದು ಪ್ರಾಣಿ ಮಾತ್ರ, ನಾಡಲ್ಲ.